ಕರಿಯಮ್ಮನ ಕಂಬಳಿ ಪಟ್ಟಿ

ಯಗಟಿ ಸೀಮೆಯಲ್ಲಿ ಕುರಿಗೆ ಗಾಯವಾದರೆ ಜನ ಪಶುಡಾಕ್ಟರಿಗೆ ಫೋನ್ ಮಾಡುವ ಮೊದಲು ಕರಿಯಮ್ಮನ ಮನೆ ಕಡೆ ಹೊರಡುತ್ತಿದ್ದರು. ಹೊರಡುತ್ತಿದ್ದರು ಅಂದೆ, ಈಗ ಹೊರಡುವುದಿಲ್ಲ. ಅದು ಯಾಕೆ ಅನ್ನುವುದನ್ನೇ ಹೇಳಹೊರಟಿದ್ದೇನೆ.

ಯಗಟಿಯಿಂದ ಎರಡು ಮೈಲಿ ದೂರದ ಕುರುಬರ ಹಟ್ಟಿ ಅವಳದು. ವಯಸ್ಸು ಅರವತ್ತಕ್ಕೆ ಒಂದೋ ಎರಡೋ ಕಮ್ಮಿ. ಒಣಕಲು ಮೈ, ದೊಡ್ಡ ಅಂಗೈ. ಬಲಗೈಯ ಕಿರುಬೆರಳು ಸೊಟ್ಟ. ಅದು ಸೊಟ್ಟಗಾದದ್ದು ಒಂದು ಟಗರಿನಿಂದ. ತೋಟದ ಮುಳ್ಳುತಂತಿಗೆ ಸಿಕ್ಕಿ ಆ ಟಗರಿನ ಪಕ್ಕೆ ಗೇಣುದ್ದ ಸೀಳಿತ್ತು. ಕರಿಯಮ್ಮ ಗೋಣಿ ಹೊಲಿಯುವ ದಬ್ಬಳದಲ್ಲಿ ಅದನ್ನು ಹೊಲಿದಳು, ಬೇವಿನೆಣ್ಣೆ ಸುರಿದಳು, ಮೇಲೆ ಕಂಬಳಿ ಪಟ್ಟಿ ಬಿಗಿದಳು. ಹದಿನೈದನೇ ದಿನ ಎದ್ದು ನಿಂತ ಟಗರು ಮೊದಲು ಮಾಡಿದ ಕೆಲಸ ಅವಳಿಗೇ ಗುದ್ದಿದ್ದು.

"ನೋಡ್ದಾ, ಋಣ ತೀರಿಸ್ತು," ಅಂತ ಅವಳ ಗಂಡ ಬೀರಪ್ಪ ಹಟ್ಟಿಗೆಲ್ಲ ಹೇಳಿಕೊಂಡು ನಕ್ಕಿದ್ದ.

ಆ ಪಟ್ಟಿಯ ವಿಷಯ ಹೇಳಬೇಕು. ಅದು ಕರಿಯಮ್ಮನ ಅವ್ವ ಮದುವೆಯಲ್ಲಿ ಕೊಟ್ಟ ಕಂಬಳಿಯದು. ಕಂಬಳಿ ಹಳೆಯದಾಗಿ ಅಂಚು ಹರಿದಾಗ ನಡುವಿನ ಗಟ್ಟಿ ಭಾಗವನ್ನು ಗೇಣಗಲ, ನಾಲ್ಕು ಮೊಳ ಉದ್ದ ಕತ್ತರಿಸಿ ಇಟ್ಟುಕೊಂಡಿದ್ದಳು. ಕಪ್ಪು ಬಣ್ಣ ಹೋಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕುರಿಯ ಗಾಯಕ್ಕೆ ಅದೇ, ಬಾಣಂತಿಯ ಹೊಟ್ಟೆಗೆ ಅದೇ, ಉಳುಕಿದ ಕಾಲಿಗೂ ಅದೇ. ಒಂದು ಸಲವೂ ನೀರಿಗೆ ಹಾಕಿದ್ದಿಲ್ಲ. ಹಾಕುವ ಅಗತ್ಯವಾದರೂ ಏನು? ಆ ಹಟ್ಟಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಕಂಬಳಿಗೆ ಮೈಲಿಗೆ ಅನ್ನುವುದಿಲ್ಲ. ದೇವರು ಕೂರುವುದು ಕಂಬಳಿ ಗದ್ದಿಗೆಯ ಮೇಲೆ, ಮದುಮಕ್ಕಳು ಕೂರುವುದು ಕಂಬಳಿಯ ಮೇಲೆ, ಸತ್ತವರು ಹೋಗುವುದೂ ಕಂಬಳಿ ಹೊದ್ದುಕೊಂಡೇ. ಸೀರೆ ಪಂಚೆಯನ್ನು ನೆನೆಸಿ ಒಗೆಯಬೇಕು. ಕಂಬಳಿಯನ್ನು ಬಿಸಿಲಿಗೆ ಕೊಡವಿ ಒಂದು ಚಿಟಿಕೆ ಭಂಡಾರ, ಅಂದರೆ ದೇವರ ಅರಿಶಿನದ ಪುಡಿ, ಎರಚಿದರೆ ಮುಗಿಯಿತು, ಹೊಸದರ ಹಾಗೆ.

ಇನ್ನು ಬೀರಪ್ಪ. ಎತ್ತರದ ಆಳು, ಮಾತು ಜಾಸ್ತಿ, ಬೀಡಿ ಅದಕ್ಕಿಂತ ಜಾಸ್ತಿ. ಆರು ವರ್ಷದಿಂದ ಅವನ ತೊಡೆಸಂದಿಯ ಮೇಲೆ ನಿಂಬೆಹಣ್ಣಿನಷ್ಟು ಒಂದು ಉಬ್ಬು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿ ಹೆಬ್ಬೆಟ್ಟಿನಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು. ಅದಕ್ಕೆ ಅವನು 'ಅಳಿಯ' ಅಂತ ಹೆಸರಿಟ್ಟಿದ್ದ. "ಅಳಿಯ ಬಂದವ್ನೆ, ತಡಿ, ಒಳಗೆ ಕಳಿಸ್ಬಿಟ್ಟು ಬತ್ತೀನಿ," ಅಂತ ಮಂದೆಯ ನಡುವೆಯೇ ಮಲಗಿಬಿಡುತ್ತಿದ್ದ. ಆಪರೇಷನ್ ಮಾಡಿಸಿಕೋ ಅಂತ ಮಗ ತಿಪ್ಪೇಶ ಹೇಳಿದಾಗಲೆಲ್ಲ, "ನಿಮ್ಮವ್ವ ಪಟ್ಟಿ ಕಟ್ತಾಳೆ, ಸಾಕು," ಅನ್ನುತ್ತಿದ್ದ. ಅದೂ ಸುಳ್ಳಲ್ಲ. ಪಟ್ಟಿ ಬಿಗಿದ ದಿನ ಅಳಿಯ ಬರುತ್ತಿರಲಿಲ್ಲ.

ಈರುಳ್ಳಿ ಕಿತ್ತ ಮೇಲೆ ಅಜ್ಜಂಪುರದ ಎರೆಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಲು ಅಪ್ಪ ಮಗ ಇಬ್ಬರೂ ಹೋಗಿದ್ದರು. ಅಲ್ಲಿ ಒಂದು ಬೆಳಿಗ್ಗೆ ಕಾಲು ಮುರಿದ ಕುರಿಯನ್ನು ಲಗೇಜ್ ಆಟೋಗೆ ಎತ್ತಿಹಾಕುವಾಗ ಅಳಿಯ ಬಂದ. ಮತ್ತೆ ಒಳಗೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೀರಪ್ಪ ಹಸಿರು ಬಣ್ಣದ ವಾಂತಿ ಮಾಡಿದ. ಕುರಿಗೆ ಅಂತ ಯಗಟಿಯಿಂದ ತರಿಸಿದ್ದ ಆಟೋದಲ್ಲಿ ಅವನನ್ನೇ ಮಲಗಿಸಿಕೊಂಡು ತಿಪ್ಪೇಶ ಬೀರೂರು ದಾಟಿ ಕಡೂರಿನ ಒಂದು ಆಸ್ಪತ್ರೆಗೆ ತಂದ. ಯಗಟಿಯಿಂದ ಬಸ್ಸು ಹತ್ತಿ ಕರಿಯಮ್ಮ ಬರುವಷ್ಟರಲ್ಲಿ ಅವನನ್ನು ಒಳಗೆ ಕರೆದುಕೊಂಡು ಹೋಗಿದ್ದರು.

ಆಪರೇಷನ್ ಆದ ಮೇಲೆ ಡಾಕ್ಟರ್ ಶಶಿಧರ್ ಅವ್ವ ಮಗನನ್ನು ಕೂರಿಸಿಕೊಂಡು ಹೇಳಿದರು. "ಕರುಳು ಸಿಕ್ಕಿಹಾಕ್ಕೊಂಡು ರಕ್ತ ಓಡದೆ ಒಂದು ಗೇಣು ಕಪ್ಪಾಗಿತ್ತು. ಅದನ್ನ ಕತ್ತರಿಸಿ ಕೂಡಿಸಿದ್ದೀವಿ. ಜೀವ ಉಳೀತು. ಆದ್ರೆ ನನಗೀಗ ಭಯ ಇರೋದು ಗಾಯದ್ದು. ಇವರಿಗೆ ಶುಗರ್ ಮುನ್ನೂರ ನಲವತ್ತು ಇದೆ. ನಿಮಗೆ ಗೊತ್ತಿತ್ತಾ?"

"ಶುಗರ್ರಾ?" ಕರಿಯಮ್ಮ ಮಗನ ಮುಖ ನೋಡಿದಳು. "ದಿನಾ ಹತ್ತು ಮೈಲಿ ನಡೆಯೋರು ಸ್ವಾಮಿ ಅವ್ರು. ಅದು ಕೂತು ತಿನ್ನೋರಿಗೆ ಬರೋದಲ್ವಾ?"

"ನಡೆಯೋರಿಗೂ ಬರುತ್ತಮ್ಮ. ಶುಗರ್ ಇದ್ದೋರ ಗಾಯ ನಿಧಾನಕ್ಕೆ ಕೂಡುತ್ತೆ. ಬೀಡಿ ಸೇದೋರ್ದು ಇನ್ನೂ ನಿಧಾನ. ಅದ್ರ ಮೇಲೆ ವಯಸ್ಸು, ಅದ್ರ ಮೇಲೆ ಕೊಳೆತ ಕರುಳು. ನಾಲ್ಕೂ ಒಬ್ಬರಲ್ಲೇ ಸೇರ್ಕೊಂಡಿದಾವೆ. ಒಂದು ತಿಂಗಳು ಕೂಸಿನ ಹಾಗೆ ನೋಡ್ಕೋಬೇಕು."

ಕರಿಯಮ್ಮ ತಲೆಯಾಡಿಸಿದಳು. ಗಾಯ ಅಂದರೆ ಏನು ಅಂತ ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂತ ಅವಳಿಗೆ ಒಳಗೊಳಗೇ ಧೈರ್ಯವಿತ್ತು.

ಎಂಟು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಡ್ರೆಸ್ಸಿಂಗ್ ಮಾಡುತ್ತಿದ್ದವಳು ಸಖರಾಯಪಟ್ಟಣದ ಕಡೆಯ ನರ್ಸು, ಪ್ರತಿಮಾ ಅಂತ. ಮೂವತ್ತರ ಹತ್ತಿರದ ಹೆಣ್ಣುಮಗಳು, ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಓಡಾಡುತ್ತಿದ್ದಳು. ಮನೆಗೆ ಕಳಿಸುವ ದಿನ ಔಷಧಿ ಚೀಟಿ ಕೈಗೆ ಕೊಟ್ಟು ನಿಂತ ನಿಲುವಿನಲ್ಲೇ ಹೇಳಿದಳು.

"ಅಮ್ಮ, ಕೇಳಿಸ್ಕೊಳಿ. ಗಾಯಕ್ಕೆ ಎಣ್ಣೆ ಬೇಡ. ಅರಿಶಿನ ಬೇಡ. ಬೂದಿ ಬೇಡ. ಸೊಪ್ಪು ಅರೆದು ಹಚ್ಚೋದು ಬೇಡ. ಕಾಫಿಪುಡಿ ಬೇಡ."

"ಕಾಫಿಪುಡಿ ಯಾರವ್ವ ಹಾಕ್ತಾರೆ ಗಾಯಕ್ಕೆ?"

"ಹಾಕ್ತಾರೆ ಕಣಮ್ಮ, ಗಟ್ಟದ ಮೇಲಿನವ್ರು. ಬಟ್ಟೆ ಬಿಚ್ಚಿದ್ರೆ ಫಿಲ್ಟರ್ ಕಾಫಿ ವಾಸನೆ, ನನಗೆ ಕುಡಿಬೇಕು ಅನ್ಸುತ್ತೆ." ಮಂಚದ ಮೇಲಿದ್ದ ಬೀರಪ್ಪ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. "ನಗಬೇಡಿ ಯಜಮಾನ್ರೇ. ಮತ್ತೆ, ಮೊಟ್ಟೆ, ಹಾಲು, ಕಾಳು ಚೆನ್ನಾಗಿ ಕೊಡಿ. ಶುಗರ್ ಮಾತ್ರೆ ತಪ್ಪಿಸಬೇಡಿ. ನಾಲ್ಕು ದಿನ ಬಿಟ್ಟು ತೋರಿಸೋಕೆ ಬನ್ನಿ. ಆಯ್ತಾ?"

ಕರಿಯಮ್ಮ ಬೆರಳು ಮಡಚಿ ಎಣಿಸಿಕೊಂಡಳು. ಎಣ್ಣೆ, ಅರಿಶಿನ, ಬೂದಿ, ಸೊಪ್ಪು, ಕಾಫಿಪುಡಿ. ಐದು.

ಮನೆಗೆ ಬಂದ ದಿನವೇ ಪಕ್ಕದ ಮನೆಯ ಈರಕ್ಕ ಬಾಗಿಲಲ್ಲಿ ನಿಂತು, "ಮೊಟ್ಟೆ ಗಿಟ್ಟೆ ಕೊಟ್ಟೀಯ ಮತ್ತೆ! ನಂಜಾಗಿ ಕೀವು ತುಂಬ್ಕೊಂತದೆ," ಅಂದಳು. ಈರಕ್ಕ ಹಟ್ಟಿಯ ಪೂಜಾರಿ ಲಕ್ಕಣ್ಣನ ಹೆಂಡತಿ, ಅವಳ ಮಾತು ತಳ್ಳಿಹಾಕುವ ಹಾಗಿರಲಿಲ್ಲ. ಮೊಟ್ಟೆ ಹೋಗಿ ಗಂಜಿ ಬಂತು, ಕಾಳು ಹೋಗಿ ತಿಳಿಸಾರು ಬಂತು.

ಆದರೆ ಬೀರಪ್ಪನನ್ನು ಕಾಡಿದ್ದು ಹಸಿವಲ್ಲ, ಕೆಮ್ಮು. ನಲವತ್ತು ವರ್ಷ ಬೀಡಿ ಸೇದಿದ ಎದೆ ಅದು. ಒಂದೊಂದು ಸಲ ಕೆಮ್ಮಿದಾಗಲೂ ಹೊಟ್ಟೆ ಬಾಯಿ ಬಿಟ್ಟಂತಾಗುತ್ತಿತ್ತು. ಕೆಮ್ಮು ಬರುವ ಮೊದಲೇ ಅವನ ಕಣ್ಣು ದೊಡ್ಡದಾಗುತ್ತಿತ್ತು. ಆರು ಅಡಿ ಆಳು ಗೋಡೆ ಹಿಡಿದುಕೊಂಡು ಅಳುತ್ತಿದ್ದ.

"ಪಟ್ಟಿ ಕಟ್ಟೇ ಕರಿಯಿ," ಅಂದ.

"ಬೇಡ ಅಂದವ್ರೆ ಕಣ್ರೀ."

"ಪಟ್ಟಿ ಬೇಡ ಅಂದ್ರಾ?"

ಕರಿಯಮ್ಮ ಯೋಚಿಸಿದಳು. ಮತ್ತೆ ಬೆರಳು ಮಡಚಿದಳು. ಐದರಲ್ಲಿ ಪಟ್ಟಿ ಇರಲಿಲ್ಲ.

ಒಂದು ದಿನ ತಡೆದಳು. ಮರುದಿನ ಬೆಳಿಗ್ಗೆ ಕೆಮ್ಮಿ ಕೆಮ್ಮಿ ಅವನು ಮಂಚದಿಂದ ಜಾರಿದಾಗ ಅವಳ ಕೈ ತಾನಾಗಿಯೇ ಬಿದಿರು ಗಳುವಿನ ಮೇಲಿದ್ದ ಪಟ್ಟಿಗೆ ಹೋಯಿತು. ಅದನ್ನು ಹದಿನೈದು ದಿನದ ಕೆಳಗೆ ಹುಳ ಬಿದ್ದ ಒಂದು ಕುರಿಯ ತೊಡೆಯಿಂದ ಬಿಚ್ಚಿ ತಂದಿದ್ದಳು. ಬಿಸಿಲಿಗೆ ಕೊಡವಿದ್ದಳು, ಭಂಡಾರ ಎರಚಿದ್ದಳು. ಆಸ್ಪತ್ರೆಯ ಬಿಳಿ ಬಟ್ಟೆಯ ಮೇಲೆ ಪಟ್ಟಿಯನ್ನು ಎರಡು ಸುತ್ತು ಸುತ್ತಿ ಬಿಗಿದಳು. ಬೀರಪ್ಪ ಕೆಮ್ಮಿದ. ಕಣ್ಣು ಮುಚ್ಚಿ ಕಾದ. ನೋವು ಅರ್ಧಕ್ಕರ್ಧ ಇಳಿದಿತ್ತು.

"ನಿನ್ ಕೈಗೆ ಬಂಗಾರದ ಬಳೆ ಹಾಕಿಸ್ಬೇಕು," ಅಂದ.

ಅವತ್ತು ಅವನು ಎದ್ದು ಅಂಗಳದವರೆಗೆ ನಡೆದ. ರೊಪ್ಪದ ಬೇಲಿ ಹಿಡಿದು ಕುರಿಮರಿಗಳನ್ನು ಮಾತಾಡಿಸಿದ. ಕದ್ದು ಒಂದು ಬೀಡಿಯನ್ನೂ ಸೇದಿದ. ಎರಡು ದಿನ ಮನೆಯಲ್ಲಿ ನಗು ಇತ್ತು. ಮೂರನೆಯ ದಿನ ಬಿಳಿ ಬಟ್ಟೆ ಒದ್ದೆಯಾಯಿತು. ಬೆವರು ಅಂದುಕೊಂಡಳು. ಬಟ್ಟೆ ಬದಲಿಸಿ ಮತ್ತೆ ಪಟ್ಟಿ ಬಿಗಿದಳು.

ತೋರಿಸುವ ದಿನ ಬಂತು. ಕಡೂರಿನ ಬಸ್ಸಿನಲ್ಲಿ ಪಟ್ಟಿ ಅವನ ಹೊಟ್ಟೆಯ ಮೇಲೇ ಇತ್ತು. ಆಸ್ಪತ್ರೆಯ ಗೇಟಿನ ಹತ್ತಿರ ಒಂದು ಬೇವಿನ ಮರದ ಮರೆಗೆ ಅವನನ್ನು ನಿಲ್ಲಿಸಿ ಕರಿಯಮ್ಮ ಪಟ್ಟಿ ಬಿಚ್ಚಿ ಬ್ಯಾಗಿನ ತಳಕ್ಕೆ ತುರುಕಿದಳು.

"ಯಾಕೆ ಬಿಚ್ತೀಯ?"

"ಸುಮ್ನಿರ್ರೀ. ನೋಡಿದ್ರೆ ಬೈತಾರೆ."

ಅವಳಿಗೆ ಅವತ್ತೇ ಅನುಮಾನವಿತ್ತು. ಇಲ್ಲದಿದ್ದರೆ ಬಚ್ಚಿಡುತ್ತಿರಲಿಲ್ಲ. ಆಮೇಲೆ ಎಷ್ಟೋ ದಿನ ಅವಳನ್ನು ತಿಂದದ್ದು ಪಟ್ಟಿ ಕಟ್ಟಿದ ಗಳಿಗೆಯಲ್ಲ, ಬೇವಿನ ಮರದ ಮರೆಯ ಈ ಗಳಿಗೆ.

ಪ್ರತಿಮಾ ಬಟ್ಟೆ ತೆಗೆದಳು. ಹೊಲಿಗೆಯ ಸುತ್ತ ಕೆಂಪು ಏರಿತ್ತು, ಕೆಳತುದಿಯಲ್ಲಿ ಗಂಜಿಯಂಥ ನೀರು. ಅವಳ ಕಾಲಿನ ಚಕ್ರ ನಿಂತಿತು. ಬಗ್ಗಿ ಮೂಸಿದಳು.

"ಅಮ್ಮ, ಏನಾದ್ರೂ ಹಚ್ಚಿದ್ರಾ?"

"ಇಲ್ಲ ಕಣವ್ವ."

"ಏನಾದ್ರೂ ಕಟ್ಟಿದ್ರಾ?"

"ಇಲ್ಲವ್ವ."

ಮುದ್ದೆ ತಿರುವಿದಷ್ಟೇ ಸಲೀಸಾಗಿ ಬಂತು ಆ ಮಾತು. ಬೀರಪ್ಪ ಮೇಲಿನ ಫ್ಯಾನು ನೋಡುತ್ತಿದ್ದ.

ಡಾಕ್ಟರು ಬಂದು ಎರಡು ಹೊಲಿಗೆ ಬಿಚ್ಚಿ ಕೀವು ತೆಗೆದರು. ಅದರಲ್ಲಿ ಒಂದಿಷ್ಟನ್ನು ಪರೀಕ್ಷೆಗೆ ಕಳಿಸಿದರು. ಅದರ ಫಲಿತಾಂಶ ಬರಲು ಮೂರು ದಿನ ಬೇಕು, ಅಲ್ಲಿಯವರೆಗೆ ಅಡ್ಮಿಟ್ ಆಗಿ ಅಂದರು. ಬೀರಪ್ಪ ಸುತರಾಂ ಒಪ್ಪಲಿಲ್ಲ. "ಮನೇಲಿ ಚೆನ್ನಾಗಿದ್ದೆ ಸ್ವಾಮಿ. ಇಲ್ಲಿ ಬಂದ್ರೇ ನೋವು." ಅವನ ನೋವು ಇಳಿದದ್ದು ಯಾತರಿಂದ ಅನ್ನುವುದು ಅವನಿಗೆ ಗೊತ್ತಿತ್ತು, ಹೆಂಡತಿಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿರಲಿಲ್ಲ. ಕೊನೆಗೆ ದಿನಾ ಬಂದು ಡ್ರೆಸ್ಸಿಂಗ್ ಮಾಡಿಸಿಕೊಳ್ಳಿ ಅಂತ ಮಾತ್ರೆ ಬರೆದುಕೊಟ್ಟು ಕಳಿಸಿದರು.

ವಾಪಸ್ ಹೋಗುವಾಗ ಬಸ್ಸು ಪ್ರತಿ ಗುಂಡಿಗೂ ಕುಣಿಯಿತು. ಬೀರಪ್ಪನ ಮುಖ ಬೂದಿಯಾಯಿತು. "ಕಟ್ಟೇ," ಅಂದ. ಬಸ್ಸಿನ ಹಿಂದಿನ ಸೀಟಿನಲ್ಲೇ, ಸೆರಗು ಅಡ್ಡ ಹಿಡಿದು, ಬಿಚ್ಚಿದ ಹೊಲಿಗೆಯ ಮೇಲೆ ಕರಿಯಮ್ಮ ಆ ಪಟ್ಟಿಯನ್ನು ಮತ್ತೆ ಬಿಗಿದಳು.

ಮರುದಿನ ಅವನಿಗೆ ಚಳಿ. ಬಸ್ಸಿಗೆ ಹೋಗಲಾಗಲಿಲ್ಲ. ಅದರ ಮರುದಿನ ಮಾತು ತೊದಲಿತು. ಅಪ್ಪ ಮನೆ ಸೇರಿದ ಮೇಲೆ ಮಂದೆಗೆ ಮರಳಿದ್ದ ತಿಪ್ಪೇಶ, ಅದನ್ನು ಬೇರೆಯವರಿಗೆ ಒಪ್ಪಿಸಿ ಅಜ್ಜಂಪುರದಿಂದ ಓಡಿಬಂದು, ಅಪ್ಪನನ್ನು ಮತ್ತೆ ಅದೇ ಲಗೇಜ್ ಆಟೋದಲ್ಲಿ ಮಲಗಿಸಿದ. ಆಸ್ಪತ್ರೆಯಲ್ಲಿ ಹೊಲಿಗೆಯೆಲ್ಲ ಬಿಚ್ಚಿದಾಗ ಒಳಗೆ ಅಂಗೈ ಹಿಡಿಸುವಷ್ಟು ಹಳ್ಳ. ಅಂಚು ಬೂದು ಬಣ್ಣ. ಶುಗರ್ ನಾನೂರು ದಾಟಿತ್ತು, ಮೂತ್ರ ಕಮ್ಮಿಯಾಗಿತ್ತು. ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಅಂತ ಡಾಕ್ಟರು ಆಂಬುಲೆನ್ಸಿಗೆ ಹೇಳಿದರು.

ಪ್ರತಿಮಾ ಕಾಗದ ಹಿಡಿದುಕೊಂಡು ಹೊರಗೆ ಬಂದಳು. "ಅಮ್ಮ, ಇದು ಕೊನೇ ಸಲ ಕೇಳ್ತೀನಿ. ಬೈಯೋಕಲ್ಲ. ಯಾತರಿಂದ ಸೋಂಕು ಬಂತು ಅಂತ ಗೊತ್ತಾದ್ರೆ ಅಲ್ಲಿ ಅದಕ್ಕೆ ತಕ್ಕ ಇಂಜೆಕ್ಷನ್ ಬೇಗ ಶುರು ಮಾಡ್ತಾರೆ. ಏನ್ ಮಾಡಿದ್ರಿ ಹೇಳಿ."

ಕರಿಯಮ್ಮ ಬ್ಯಾಗಿಗೆ ಕೈ ಹಾಕಿ, ಬರುವಾಗ ಬಿಚ್ಚಿ ತುರುಕಿದ್ದ ಪಟ್ಟಿ ತೆಗೆದಳು. "ಇದನ್ನ ಕಟ್ಟಿದ್ದೆ."

"ಬೇರೆ ಎಲ್ಲಿ ಕಟ್ಟಿದ್ರಿ ಇದನ್ನ?"

"ಕುರಿಗೆ. ಹುಳ ಬಿದ್ದಿತ್ತು."

ಪ್ರತಿಮಾ ಬೈಯಲಿಲ್ಲ. ಕಾಗದದ ಮೇಲೆ ಬರೆದಳು, ಒಳಗೆ ಹೋಗಿ ಡಾಕ್ಟರಿಗೆ ಹೇಳಿ ಬಂದಳು. ಪಟ್ಟಿಯನ್ನು ಗ್ಲೌಸಿನ ಕೈಯಲ್ಲಿ ಹಿಡಿದು ಕಸದ ಕಡೆ ಹೊರಟಾಗ ಕರಿಯಮ್ಮ, "ನಮ್ಮವ್ವಂದು," ಅಂದಳು. ಪ್ರತಿಮಾ ನಿಂತು ಅದನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಬಿಗಿದು ಕೊಟ್ಟಳು.

"ಬಿಚ್ಚಬೇಡಿ. ಯಾಕಮ್ಮ ಕಟ್ಟಿದ್ರಿ?"

"ಕೆಮ್ಮಿದ್ರೆ ಹೊಟ್ಟೆ ಹರಿಯೋದು ಕಣವ್ವ. ನೋಡೋಕಾಗ್ತಿರ್ಲಿಲ್ಲ."

ಆ ಹುಡುಗಿ ಕೈಯ ಗ್ಲೌಸು ಕಳಚಿದಳು. ಆಮೇಲೆ, ಯಾರಿಗೂ ಅಲ್ಲ ಅನ್ನುವಂತೆ, "ದಿಂಬು," ಅಂದಳು. "ಒಗೆದ ಬಟ್ಟೇಲಿ ಒಂದು ದಿಂಬು ಸುತ್ತಿ ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮಿದ್ರೆ ನೋವು ಇಷ್ಟಿರಲ್ಲ. ಅದನ್ನ ಹೇಳ್ಬೇಕಿತ್ತು ನಾನು. ಬೇಡ ಬೇಡ ಅಂತ ಐದು ಹೇಳಿದೆ. ಏನ್ ಮಾಡ್ಬೇಕು ಅಂತ ಹೇಳ್ಲಿಲ್ಲ."

ಆಂಬುಲೆನ್ಸು ತರೀಕೆರೆ ದಾಟುವಾಗ ಬೀರಪ್ಪನಿಗೆ ಒಂದಿಷ್ಟು ಎಚ್ಚರ ಬಂತು. ಕೆಮ್ಮು ಬರುವ ಹಾಗಾಗಿ ಕಣ್ಣು ದೊಡ್ಡದಾಯಿತು.

"ಕರಿಯಿ, ಪಟ್ಟಿ ಕಟ್ಟಿದೀಯಾ?"

ಕರಿಯಮ್ಮ ಹೊದಿಕೆಯ ಮೇಲೆ, ಗಾಯಕ್ಕೆ ತಾಗದ ಹಾಗೆ, ತನ್ನ ದೊಡ್ಡ ಅಂಗೈ ಇಟ್ಟಳು. "ಕಟ್ಟೀನಿ ಕಣ್ರೀ. ಕೆಮ್ಮಿ."

ಅವನು ಕೆಮ್ಮಿದ. ಆಮೇಲೆ ಅವನು ಮಾತಾಡಿದ್ದು ಯಾರಿಗೂ ಕೇಳಿಸಲಿಲ್ಲ. ಶಿವಮೊಗ್ಗದಲ್ಲಿ ನಾಲ್ಕನೆಯ ಬೆಳಿಗ್ಗೆ ಹೋದ. ಹೋಗುವ ಮುಂಚಿನ ದಿನ ಅಲ್ಲಿಯ ಡಾಕ್ಟರನ್ನು ಕರಿಯಮ್ಮ ಕೇಳಿದ್ದಳು, "ನನ್ನ ಪಟ್ಟಿಯಿಂದಾನಾ ಸ್ವಾಮಿ?" ಆ ಡಾಕ್ಟರು ಒಳ್ಳೆಯವರು. "ಶುಗರ್ರು, ಬೀಡಿ, ಕೊಳೆತ ಕರುಳು, ಪಟ್ಟಿ, ಎಲ್ಲ ಸೇರ್ಕೊಂತಮ್ಮ. ಯಾವ ಎಳೆಯಿಂದ ಹರೀತು ಅಂತ ಬಿಡಿಸಿ ಹೇಳೋಕಾಗಲ್ಲ," ಅಂದರು. ಅವಳಿಗೆ ಅದರಿಂದ ಸಮಾಧಾನವಾಗಲಿಲ್ಲ. ಎಲ್ಲ ಎಳೆಯೂ ಹೌದು, ಆದರೆ ಅವಳ ಕೈಯಲ್ಲಿದ್ದದ್ದು ಒಂದು.

ಹೆಣ ಹಟ್ಟಿಗೆ ಬಂದಾಗ ಅಂಗಳ ತುಂಬ ಜನ. ಯಗಟಿಯ ಚಂದ್ರಕುಮಾರ್ ಮುಂದೆ ನಿಂತಿದ್ದ. ಲಗೇಜ್ ಆಟೋ ಅವನದೇ, ಪಂಚಾಯ್ತಿ ಚುನಾವಣೆಗೆ ನಿಲ್ಲುವ ಆಸೆಯೂ ಅವನದೇ.

"ಮಣ್ಣು ಆಮೇಲೆ," ಅಂದ. "ಮೊದ್ಲು ಹೆಣ ಕಡೂರಿಗೆ ತಗೊಂಡೋಗಿ ಆ ಆಸ್ಪತ್ರೆ ಬಾಗಿಲಿಗೆ ಇಡೋಣ. ಚೆನ್ನಾಗಿದ್ದ ಆಳನ್ನ ಕೊಂದವ್ರೆ. ಟಿವಿಯವ್ರಿಗೂ ಹೇಳೀನಿ. ತಿಪ್ಪೇಶ, ಹತ್ತಲೇ ಗಾಡಿ."

ತಿಪ್ಪೇಶನ ಕಣ್ಣು ಕೆಂಡ. ಅವನಾಗಲೇ ಒಂದು ಕಾಲು ಗಾಡಿಯಲ್ಲಿಟ್ಟಿದ್ದ. ಹಟ್ಟಿಯ ಹತ್ತಾರು ಗಂಡಸರು ಕೈಗೆ ಸಿಕ್ಕಿದ್ದು ಹಿಡಿದಿದ್ದರು. "ಗಾಜು ಒಂದೂ ಉಳಿಬಾರ್ದು," ಅಂತ ಯಾರೋ ಕೂಗಿದರು.

ಕರಿಯಮ್ಮ ಗಂಡನ ತಲೆಯ ಹತ್ತಿರದಿಂದ ಎದ್ದಳು. ಅವಳು ಸುಮ್ಮನಿದ್ದರೆ ಸಾಕಿತ್ತು. ಅಳುತ್ತ ಕೂತಿದ್ದರೆ ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಅವಳ ಕೈಗೆ ಇದ್ದ ಹೆಸರು ಹಾಗೇ ಉಳಿಯುತ್ತಿತ್ತು, ನಾಳೆಯೂ ಕುರಿಗಳು ಅವಳ ಬಾಗಿಲಿಗೆ ಬರುತ್ತಿದ್ದವು. ಅವಳು ನಡೆದುಹೋಗಿ ಗಾಡಿಯ ಮುಂದೆ ನಿಂತು ಪ್ಲಾಸ್ಟಿಕ್ ಕವರನ್ನು ಎತ್ತಿ ಹಿಡಿದಳು.

"ಆಸ್ಪತ್ರೆಯವ್ರು ಕೊಂದಿಲ್ಲ. ನಾನು ಕಟ್ಟಬಾರ್ದಾಗಿತ್ತು, ಕಟ್ಟಿದೆ. ಕೇಳಿದ್ರು, ಸುಳ್ಳು ಹೇಳಿದೆ. ಅವ್ರ ಬಾಗಿಲಿಗೆ ಹೋಗೋದಾದ್ರೆ ನನ್ನ ಮೇಲೆ ಗಾಡಿ ಹತ್ತಿಸ್ಕೊಂಡೋಗಿ."

ಗಂಡಸರ ಕೈಯಲ್ಲಿದ್ದದ್ದು ಒಂದೊಂದಾಗಿ ಕೆಳಗಿಳಿಯಿತು.

"ಅಕ್ಕ, ದುಃಖದಲ್ಲಿ ಏನೋ ಅಂತಾ ಇದೀಯ," ಅಂದ ಚಂದ್ರಕುಮಾರ್. "ಒಳಗೆ ಹೋಗು."

"ದುಃಖ ಐತಪ್ಪ. ಬುದ್ಧಿನೂ ಐತೆ."

ಪೂಜಾರಿ ಲಕ್ಕಣ್ಣ ಮುಂದೆ ಬಂದ. ಎಪ್ಪತ್ತರ ಮುದುಕ, ಹೆಗಲ ಮೇಲೆ ಕಂಬಳಿ, ಹಣೆ ತುಂಬ ಭಂಡಾರ. "ಕಂಬಳಿ ಮೇಲೆ ತಪ್ಪು ಹೊರಿಸ್ತೀಯಾ? ಬೀರೇದೇವ್ರು ಕೂರೋ ಗದ್ದಿಗೆ ಅದು. ಅದರಿಂದ ಸಾವು ಬಂತು ಅಂತೀಯಾ?"

"ದೇವ್ರಿಗೆ ಅದು ಮಡಿನೇ ಕಣಣ್ಣ. ಹಸಿ ಗಾಯಕ್ಕಲ್ಲ. ಅದರಲ್ಲಿ ಕುರಿ ಕೀವಿತ್ತು."

ತಿಪ್ಪೇಶ ಗಾಡಿಯಿಂದ ಕಾಲು ತೆಗೆದ. ಅವ್ವನ ಮುಖ ನೋಡಲಿಲ್ಲ. ಗಾಡಿ ತಿರುಗಿಸಿಕೊಂಡು ಚಂದ್ರಕುಮಾರ್ ಹೋದ.

ಗುಂಡಿಯಲ್ಲಿ ಬೀರಪ್ಪನಿಗೆ ಹೊಸ ಕಂಬಳಿ ಹೊದಿಸಿದರು. ಲಕ್ಕಣ್ಣ ಕೈ ಚಾಚಿ ಆ ಕವರು ಇಸಿದುಕೊಂಡ. ದೇವರ ಉಣ್ಣೆ ಪ್ಲಾಸ್ಟಿಕ್‌ನಲ್ಲಿರುವುದನ್ನು ನೋಡಲಾಗದವನ ಹಾಗೆ ಬಿಚ್ಚಿ, ಪಟ್ಟಿಯನ್ನು ಹೆಣದ ಎದೆಯ ಮೇಲಿಟ್ಟ. ಮಣ್ಣು ಬಿತ್ತು.

ಆಮೇಲೆ ಹಟ್ಟಿ ಒಂದು ತೀರ್ಮಾನಕ್ಕೆ ಬಂತು. ಕರಿಯಮ್ಮ ಹೇಳಿದ್ದನ್ನು ಜನ ನಂಬಿದರು, ಆದರೆ ಅವರಿಗೆ ಬೇಕಾದಷ್ಟು ಮಾತ್ರ. ಕಂಬಳಿಯಲ್ಲಿ ಏನೂ ಕುಂದಿಲ್ಲ, ಅವಳ ಕೈಯೇ ಕೆಟ್ಟಿತ್ತು ಅಂದರು. ಮುಳ್ಳು ಚುಚ್ಚಿದ ಕುರಿಯನ್ನೂ ಅವಳ ಬಾಗಿಲು ದಾಟಿಸಿ ಯಗಟಿಗೆ ಹೊಡೆದುಕೊಂಡು ಹೋದರು. ತಿಪ್ಪೇಶ ಮನೆಯಲ್ಲೇ ಉಂಡ, ಮನೆಯಲ್ಲೇ ಮಲಗಿದ. ನೀರು ಬೇಕಾದರೆ ತಾನೇ ಎದ್ದು ತೆಗೆದುಕೊಂಡ. ಅವ್ವ ಅನ್ನುವ ಮಾತು ಅವನ ಬಾಯಿಂದ ಬಿದ್ದುಹೋಯಿತು. ಯಾಕೆ ಅಂತ ಕರಿಯಮ್ಮ ಕೇಳಲಿಲ್ಲ. ಅವನ ಮುದ್ದೆಯ ಪಕ್ಕ ದಿನಾ ಎರಡು ಮೊಟ್ಟೆ ಇಡುತ್ತಿದ್ದಳು. ತಾಯಿ ಹೊಟ್ಟೆಯ ಅಂಜಿಕೆ, ಅಷ್ಟೇ.

ಹೀಗೆ ಐದು ತಿಂಗಳು. ಬಿಸಿಲು ಕಾದ ಒಂದು ದಿನ ಪೂಜಾರಿ ಲಕ್ಕಣ್ಣನ ಹೊಟ್ಟೆಯ ಒಳಹುಣ್ಣು ಒಡೆದು ಅದೇ ಕಡೂರಿನ ಆಸ್ಪತ್ರೆಯಲ್ಲಿ ಅವನ ಹೊಟ್ಟೆ ಕೊಯ್ದರು. ಒಂಬತ್ತನೇ ದಿನ ಮನೆಗೆ ಬಂದ. ಗೋಡೆಯಾಚೆ ಅವನು ಕೆಮ್ಮುವುದು ಕರಿಯಮ್ಮನಿಗೆ ಕೇಳಿಸಿತು. ಅದರ ಹಿಂದೆಯೇ ಅವನು ನರಳುವುದೂ ಕೇಳಿಸಿತು. ಆ ನರಳಿಕೆಯ ಗುರುತು ಅವಳಿಗಿತ್ತು.

ಹಳೆಯ ಹತ್ತಿಸೀರೆಯನ್ನು ಮಡಚಿ ಒಂದು ಪುಟ್ಟ ದಿಂಬು ಹೊಲಿದಳು. ಅದರ ಕವಚವನ್ನು ಹಂಡೆಯಲ್ಲಿ ಕುದಿಸಿ ಒಣಗಿಸಿದಳು. ತೆಗೆದುಕೊಂಡು ಹೋಗಿ ಈರಕ್ಕನ ಜಗಲಿಯ ಮೇಲೆ ಕೂತಳು.

"ಗಂಡನ್ನ ಮಣ್ಣು ಮಾಡಿದೋಳು ನಮ್ಮ ಬಾಗಿಲಿಗೆ ಯಾಕ್ ಬಂದೆ?" ಅಂದಳು ಈರಕ್ಕ.

"ಅದಕ್ಕೇ ಬಂದೆ ಕಣಕ್ಕ. ಪಟ್ಟಿ ಕಟ್ಟಿದೀಯಾ?"

"ಕಟ್ಟೀನಿ. ಹೊಸಾ ಕಂಬಳೀದು. ನಿನ್ ಥರ ಕುರಿ ಕಾಲಿಗೆ ಕಟ್ಟಿದ್ದಲ್ಲ."

"ಬಿಚ್ಚು."

"ಎದ್ದೋಗೆ!"

ಹೋದಳು. ಮರುದಿನ ಮತ್ತೆ ಬಂದು ಕೂತಳು. ಈರಕ್ಕ ಕಸ ಗುಡಿಸಿ ಅವಳ ಕಾಲಿನ ಮೇಲೆಯೇ ದೂಳು ಎಬ್ಬಿಸಿದಳು. ಮೂರನೆಯ ದಿನವೂ ಬಂದು ಕೂತಾಗ ಒಳಗಿನಿಂದ ಉದ್ದನೆಯ ಕೆಮ್ಮು ಬಂತು, ಆಮೇಲೆ ಲಕ್ಕಣ್ಣನ ದನಿ. "ಈರಿ, ಯಾರದು?"

"ಆ ಕರಿಯಿ. ದಿಂಬು ಹಿಡ್ಕೊಂಡು ಕೂತವ್ಳೆ."

ಒಳಗಿನಿಂದ ಮತ್ತೊಂದು ಕೆಮ್ಮು ಬಂತು.

"ಕಳಿಸು," ಅಂದ ಲಕ್ಕಣ್ಣ.

ಕರಿಯಮ್ಮ ಬಚ್ಚಲಿಗೆ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದಳು. ಮುದುಕ ಗೋಡೆಗೊರಗಿ ಕೂತಿದ್ದ, ಹಣೆಯ ಭಂಡಾರ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಅವನ ಎರಡೂ ಕೈಗೆ ದಿಂಬು ಕೊಟ್ಟು ಹೊಟ್ಟೆಗೆ ಒತ್ತಿಸಿ, ಮೇಲೆ ತನ್ನ ಅಂಗೈ ಇಟ್ಟಳು.

"ಈಗ ಕೆಮ್ಮಣ್ಣ."

ಅವನು ಕೆಮ್ಮಿದ. ಅವಳ ಮುಖವನ್ನೇ ನೋಡಿದ. ಆಮೇಲೆ ತಾನೇ ಪಟ್ಟಿಯ ಗಂಟಿಗೆ ಕೈ ಹಾಕಿದ. ಗಂಟು ಬಿಗಿಯಾಗಿತ್ತು. ಈರಕ್ಕ ಗೊಣಗುತ್ತ ಬಂದು ಬಿಚ್ಚಿದಳು.

ಬಿಳಿ ಬಟ್ಟೆಯ ಒಂದು ಮೂಲೆ ಒದ್ದೆಯಾಗಿತ್ತು. ಸುತ್ತ ಚರ್ಮ ಕೆಂಪಗೆ. ಕರಿಯಮ್ಮ ಮುಟ್ಟಲಿಲ್ಲ. ಬಗ್ಗಿ ಮೂಸಿದಳು, ಪ್ರತಿಮಾ ಮೂಸಿದ ಹಾಗೆ.

"ಈರಕ್ಕ, ಗಾಡಿ ತರಿಸು. ನಾಳೆ ಅಲ್ಲ, ಈಗ."

ಚಂದ್ರಕುಮಾರನ ಲಗೇಜ್ ಆಟೋ ಬಂತು, ಓಡಿಸಿಕೊಂಡು ಬಂದವನು ಆಗೀಗ ಅದನ್ನು ಓಡಿಸುತ್ತಿದ್ದ ತಿಪ್ಪೇಶ. ಹಿಂದೆ ಹಾಸಿಗೆ ಹಾಸಿ ಲಕ್ಕಣ್ಣನನ್ನು ಮಲಗಿಸಿದರು. ಈರಕ್ಕ ಹತ್ತಿದಳು. ಕರಿಯಮ್ಮ ದಿಂಬು ಕೊಟ್ಟು ಹಿಂದೆ ಸರಿದಳು. ತಿಪ್ಪೇಶ ಸ್ಟೇರಿಂಗು ಹಿಡಿದು ಮುಂದಕ್ಕೇ ನೋಡುತ್ತಿದ್ದ.

"ರೋಡು ಗುಂಡಿ ಐತೆ," ಅಂದ. ಸ್ವಲ್ಪ ತಡೆದು ಅಂದ, "ಹತ್ತವ್ವ. ಹಿಡ್ಕೊಳ್ಳೋಕೆ ಒಬ್ರು ಬೇಕು."

ಅವಳು ಹತ್ತಿ ಲಕ್ಕಣ್ಣನ ಪಕ್ಕ ಕೂತಳು. ಗುಂಡಿ ಬಂದಾಗಲೆಲ್ಲ ಕರಿಯಮ್ಮ ದಿಂಬಿನ ಮೇಲೆ ಅಂಗೈ ಒತ್ತುತ್ತಿದ್ದಳು. ಆ ಆಸ್ಪತ್ರೆಯ ಗೇಟು, ಗೇಟಿನ ಹತ್ತಿರದ ಬೇವಿನ ಮರ ಕಂಡಾಗ ಲಕ್ಕಣ್ಣ ಕಣ್ಣು ತೆರೆದ.

"ಕರಿಯಮ್ಮ, ಆ ನರ್ಸಮ್ಮ ಕೇಳ್ತಾಳೆ. ಏನ್ ಹೇಳೋದು?"

ಬಿಚ್ಚಿದ ಪಟ್ಟಿ ಈರಕ್ಕನ ಬ್ಯಾಗಿನ ತಳದಲ್ಲಿತ್ತು. ಕರಿಯಮ್ಮ ಅದನ್ನು ಹೊರಗೆ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಬ್ಯಾಗಿನ ಮೇಲಿಟ್ಟಳು.

"ಕಟ್ಟಿದ್ವಿ ಅಂತ ಹೇಳೋದು ಕಣಣ್ಣ," ಅಂದಳು.